ಸ್ಟೆತಸ್ಕೋಪ್ ಹಾಕಿಕೊಂಡ ಕಲೆಕ್ಟರ್

ಪಟ್… ಪಟಪಟಪಟ… ಪಟ್.

ತಿರುವನಂತಪುರದ ಪಟ್ಟಂನಲ್ಲಿ ನಮ್ಮ ಫ್ಲ್ಯಾಟಿನ ಎದುರು ಕರೆಂಟು ಕಂಬಕ್ಕೆ ಕಟ್ಟಿದ್ದ ಬ್ಯಾನರು ಜೂನ್ ತಿಂಗಳ ಗಾಳಿಗೆ ಬಡಿದುಕೊಳ್ಳುತ್ತಿದ್ದ ಸದ್ದು ಅದು. ಈಗ ನಾನಿರುವುದು ಕೊಚ್ಚಿಯ ಎಡಪ್ಪಳ್ಳಿಯಲ್ಲಿ, ಮಗಳ ಮನೆಯಲ್ಲಿ. ತುಂಬಾ ಎತ್ತರದ ಮಹಡಿ. ಕಿಟಕಿ ಹಾಕಿದರೆ ಕೆಳಗಿನ ಟ್ರಾಫಿಕ್ಕಿನ ಗಲಾಟೆಯೂ ಬೇರೆ ಯಾರದೋ ಮನೆಯ ಟಿವಿಯ ಹಾಗೆ ಕೇಳುತ್ತದೆ. ಆದರೂ ಪಕ್ಕದ ಬಾಲ್ಕನಿಯಲ್ಲಿ ಒಣಹಾಕಿದ ಬೆಡ್‌ಶೀಟು ಗಾಳಿಗೆ ಹಾಗೆ ಒಮ್ಮೆ ಬಡಿದರೆ ಸಾಕು, ನನ್ನ ಕಣ್ಣೆದುರು ಒಂದು ಹುಡುಗಿಯ ಮುಖ ಬಂದು ನಿಲ್ಲುತ್ತದೆ. ಆಳೆತ್ತರದ ಮುಖ. ಅದರ ಕೆಳಗೆ ಬಿಳಿ ಕೋಟು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು.

ಕೇರಳದಲ್ಲಿ ಹತ್ತನೇ ಕ್ಲಾಸಿನ ಎಲ್ಲಾ ಸಬ್ಜೆಕ್ಟುಗಳಿಗೂ ಎ ಪ್ಲಸ್ ಬಂದ ಮಗುವಿನ ಫೋಟೋವನ್ನು ಜಂಕ್ಷನ್ನಿನಲ್ಲಿ ತೂಗುಹಾಕುವುದು ಒಂದು ಸಂಪ್ರದಾಯ. ಫುಲ್ ಎ ಪ್ಲಸ್ ಅಂದರೆ ಇಲ್ಲಿ ಬಿರುದು ಇದ್ದ ಹಾಗೆ. ಪ್ಲಾಸ್ಟಿಕ್ ಬೇಡವೆಂದಾದ ಮೇಲೆ ಬ್ಯಾನರುಗಳೆಲ್ಲ ಬಟ್ಟೆಯವಾಗಿವೆ, ಆದರೆ ಜನರ ಬಾಯಲ್ಲಿ ಅದು ಈಗಲೂ ಫ್ಲೆಕ್ಸೇ. ಪಾರ್ಟಿಯವರು ಹಾಕುತ್ತಾರೆ, ಕ್ಲಬ್ಬಿನವರು ಹಾಕುತ್ತಾರೆ, ನಮ್ಮ ಫ್ಲ್ಯಾಟಿನ ಅಸೋಸಿಯೇಶನ್ನೂ ಹಾಕುತ್ತಿತ್ತು. ಅಸೋಸಿಯೇಶನ್ ಅಂದರೆ ಸೆಕ್ರೆಟರಿ. ಯಾವುದೋ ಸರಕಾರಿ ಇಲಾಖೆಯಿಂದ ನಿವೃತ್ತರಾದ ಮಲಯಾಳಿ ಗೃಹಸ್ಥರು. ಬಿಳಿ ಮುಂಡು, ಬಿಳಿ ಶರ್ಟು, ಕಿಸೆಯಲ್ಲಿ ಸದಾ ಪೆನ್ನು. ನೀರಿನ ಟ್ಯಾಂಕು ತೊಳೆಸುವುದೊಂದನ್ನು ಬಿಟ್ಟು ಬೇರೆ ಎಲ್ಲ ಕೆಲಸಗಳಲ್ಲೂ ಅವರಿಗೆ ಅಪಾರ ಉತ್ಸಾಹ.

ನಾನು ಪಟ್ಟಂನದೇ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಆಮೇಲೆ ಅದು ಹೇಗೋ ನಮ್ಮ ಕಟ್ಟಡದ ಖಾಯಂ ಕೋರ್ಸ್ ಸಲಹೆಗಾರ್ತಿ ಆಗಿಬಿಟ್ಟೆ. ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಕೂಡಲೇ ಮಕ್ಕಳು ಅಪ್ಪ ಅಮ್ಮನ ಸಮೇತ ನನ್ನ ಮನೆಯ ಬೆಲ್ ಒತ್ತುತ್ತಿದ್ದರು. ಪ್ಲಸ್ ವನ್‌ಗೆ, ಅಂದರೆ ಇಲ್ಲಿಯ ಪಿಯುಸಿಗೆ, ಯಾವುದು ತೆಗೆದುಕೊಳ್ಳುವುದು? ಬಯಾಲಜಿ ಸೈನ್ಸಾ, ಕಂಪ್ಯೂಟರ್ ಸೈನ್ಸಾ, ಕಾಮರ್ಸಾ, ಹ್ಯುಮ್ಯಾನಿಟೀಸಾ? ಸರಕಾರದ ವೆಬ್‌ಸೈಟಿನಲ್ಲಿ ಶಾಲೆಯನ್ನೂ ಕೋರ್ಸನ್ನೂ ನಮಗೆ ಬೇಕಾದ ಕ್ರಮದಲ್ಲಿ ಒಂದರ ಕೆಳಗೊಂದು ಕೊಡಬೇಕು. ಮೇಲಿನದು ಸಿಕ್ಕಿದರೆ ಕೆಳಗಿನದೆಲ್ಲ ರದ್ದು. ಮೊದಲು ಒಂದು ಟ್ರಯಲ್ ಅಲಾಟ್‌ಮೆಂಟ್ ಬರುತ್ತದೆ, ಪಾಯಸ ಬಡಿಸುವ ಮೊದಲು ಅಂಗೈಗೆ ಒಂದು ಹನಿ ಹಾಕಿ ರುಚಿ ತೋರಿಸಿದ ಹಾಗೆ. ರುಚಿ ಹಿಡಿಸದಿದ್ದರೆ ಕ್ರಮ ಬದಲಿಸಲು ಕೆಲವು ದಿನ ಅವಕಾಶ. ಆ ದಿನಗಳಲ್ಲಿ ನಮ್ಮ ಕಟ್ಟಡದಲ್ಲಿ ಯಾರ ಮನೆಯ ಅನ್ನವೂ ಸರಿಯಾಗಿ ಬೇಯುತ್ತಿರಲಿಲ್ಲ.

ನನ್ನದು ಒಂದು ಮೆಥಡ್ ಇತ್ತು. ಏನಾಗಬೇಕು ಅಂತಿದ್ದೀಯಾ ಎಂದು ನಾನು ಯಾವ ಮಗುವನ್ನೂ ಕೇಳುತ್ತಿರಲಿಲ್ಲ. ಹದಿನೈದು ವರ್ಷದ ಮಗು ಅದಕ್ಕೆ ಕೊಡುವ ಉತ್ತರ ಅದರ ಅಪ್ಪನದ್ದೋ ದೊಡ್ಡಪ್ಪನದ್ದೋ ಆಗಿರುತ್ತದೆ. ಮೊದಲು ಒಂದು ಗ್ಲಾಸು ಲಿಂಬೆ ಶರಬತ್ತು ಕೊಡುವುದು. ಅಪ್ಪ ಅಮ್ಮನನ್ನು ಬಾಲ್ಕನಿಗೆ ಕಳಿಸುವುದು. ಆಮೇಲೆ, "ಮೈ ಡಿಯರ್, ನಾನು ಶುದ್ಧ ಡನ್ಸ್, ದಡ್ಡಿ. ನನಗೆ ನಿನ್ನ ಯಾವುದಾದರೂ ಒಂದು ಪಾಠ ಹೇಳಿಕೊಡು," ಎನ್ನುವುದು. ಯಾವ ಪಾಠವನ್ನು ಮಗು ಗಡಿಯಾರ ನೋಡದೆ ಹೇಳಿಕೊಡುತ್ತದೋ ಅದೇ ಅದರ ಕೋರ್ಸು. ಒಬ್ಬ ಹುಡುಗ ಲಾಭ ನಷ್ಟ ವಿವರಿಸುತ್ತಾ ವಿವರಿಸುತ್ತಾ ನನ್ನ ಛತ್ರಿಯನ್ನೇ ನನಗೆ ಮಾರಿಬಿಟ್ಟ, ಕಾಮರ್ಸ್ ಎಂದೆ. ಒಬ್ಬಳು ನನ್ನ ಮಿಕ್ಸಿಯನ್ನು ಬಿಚ್ಚಿ ಬಹಳ ಚಂದ ವಿವರಿಸಿದಳು, ಆದರೆ ತಿರುಗಿ ಜೋಡಿಸಲಿಕ್ಕೆ ಆಗಲಿಲ್ಲ. ಕಂಪ್ಯೂಟರ್ ಸೈನ್ಸ್ ಎಂದೆ, ಅಲ್ಲಾದರೆ ಸ್ಕ್ರೂ ಇರುವುದಿಲ್ಲ.

ನಮ್ಮ ಕಾಲದಲ್ಲಿ ಇಷ್ಟೆಲ್ಲ ಎಲ್ಲಿತ್ತು! ನಾನು ಕಾಸರಗೋಡಿನವಳು, ಓದಿದ್ದು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕಾಪಿಬುಕ್ಕು ತಿರುವಿ ಹಾಕುತ್ತಿದ್ದರು. "ಲವ್ಲೀ ಹ್ಯಾಂಡ್. ಆರ್ಟ್ಸ್." "ಅಗ್ಲೀ ಹ್ಯಾಂಡ್. ಸೈನ್ಸ್." ಅಷ್ಟೇ, ಮುಗಿಯಿತು ಕೌನ್ಸೆಲಿಂಗ್. ಕೋಳಿ ಕೆದಕಿದ ಹಾಗೆ ಬರೆಯುತ್ತಿದ್ದ ನನ್ನ ಬೆಂಚಿನ ಗೆಳತಿ ಮುಂದೆ ಡಾಕ್ಟರೇ ಆದಳು, ಹಾಗಾಗಿ ಸಿಸ್ಟರಿಗೆ ದೂರದೃಷ್ಟಿ ಇರಲಿಲ್ಲ ಎನ್ನುವ ಹಾಗಿಲ್ಲ. ನನಗೆ ಜಿಯೊಮೆಟ್ರಿ ಎಂದರೆ ಪ್ರಾಣ. ಕಂಪಾಸಿನ ಮೊನೆ ಊರಿ ಒಂದು ಸುತ್ತು ಎಳೆದಾಗ ಗೆರೆ ಹೊರಟಲ್ಲಿಗೇ ಬಂದು ಸೇರುತ್ತದಲ್ಲ, ಆ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆದರೆ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಇಂಗ್ಲಿಷ್ ಲಿಟರೇಚರಿಗೆ ಹೋದೆ.

ಇರಲಿ. ಫ್ಲೆಕ್ಸಿನ ಹುಡುಗಿಗೆ ಬರುತ್ತೇನೆ.

ಅವಳ ಮನೆ ನಮ್ಮ ಮೇಲಿನ ಮಹಡಿಯಲ್ಲಿ. ಅಪ್ಪ ಅಮ್ಮ ಧಾರವಾಡದ ಕಡೆಯವರು. ಅಪ್ಪ ಬ್ಯಾಂಕ್ ಆಫೀಸರ್, ಟ್ರಾನ್ಸ್‌ಫರ್ ಆಗಿ ಬಂದವರು ಇಲ್ಲಿಯೇ ಬಹಳ ವರ್ಷ ಉಳಿದುಬಿಟ್ಟಿದ್ದರು. ಉಳಿದದ್ದಷ್ಟೇ, ಊರನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಮಲಯಾಳದ ಒಂದಕ್ಷರ ಓದಲು ಬರುತ್ತಿರಲಿಲ್ಲ. "ಜಿಲೇಬಿ ಸುತ್ತಿ ಇಟ್ಟಂಗ ಕಾಣ್ತಾವ್ರಿ ಟೀಚರ್," ಎನ್ನುತ್ತಿದ್ದರು. "ನಮ್ಮ ಕನ್ನಡ ಎಂತ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಉಂಟಾ?" ಎಂದರೆ ನಗುತ್ತಿದ್ದರು. ಮಗಳು ಇಲ್ಲಿಯೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ನನ್ನನ್ನು ಇಲ್ಲಿಯ ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ ಅಮ್ಮೂಮ್ಮ ಎಂದು ಕರೆಯುತ್ತಿದ್ದಳು.

ಫುಲ್ ಎ ಪ್ಲಸ್ ಬಂದ ದಿನ ಅವರ ಮನೆಯಲ್ಲಿ ಹೋಳಿಗೆ. ನಾನೂ ಇದ್ದೆ. ಸೆಕ್ರೆಟರಿ ಮೊಬೈಲು ಹಿಡಿದುಕೊಂಡು ಬಂದು, ಹುಡುಗಿಯ ಸ್ಕೂಲ್ ಐಡಿ ಕಾರ್ಡಿನ ಫೋಟೋದ ಫೋಟೋ ತೆಗೆದು, "ಮೋಳು ಮುಂದೆ ಏನಾಗ್ತಾಳೆ ಸಾರೇ?" ಎಂದು ಕೇಳಿದರು. ಮೋಳು ಎಂದರೆ ಮಗಳು. ಅಪ್ಪನ ಬಾಯಿ ತುಂಬ ಹೋಳಿಗೆ. "ಡಾಕ್ಟರ್, ಡಾಕ್ಟರ್," ಎಂದರು. ಊಟ ಆಯಿತಾ ಎಂದು ಕೇಳಿದರೆ ಆಯಿತು ಎನ್ನುತ್ತೇವಲ್ಲ, ಅಷ್ಟೇ ಆಲೋಚನೆ ಅದರ ಹಿಂದೆ ಇದ್ದದ್ದು.

ಎರಡು ದಿನ ಬಿಟ್ಟು ನೋಡಿದರೆ ಕಂಬದ ಮೇಲೆ ಹುಡುಗಿ. ಐಡಿ ಕಾರ್ಡಿನ ಗಾಬರಿಯ ಮುಖ, ಅದಕ್ಕೆ ಯಾರೋ ದಷ್ಟಪುಷ್ಟ ಹೆಂಗಸಿನ ದೇಹ ಜೋಡಿಸಿದ್ದಾರೆ. ಬಿಳಿ ಕೋಟು, ಸ್ಟೆತಸ್ಕೋಪು. ಕೆಳಗೆ ದೊಡ್ಡ ಮಲಯಾಳ ಅಕ್ಷರಗಳಲ್ಲಿ, ನಮ್ಮ ಭಾವಿ ಡಾಕ್ಟರಿಗೆ ಅಭಿನಂದನೆಗಳು. ಅದರ ಪಕ್ಕದಲ್ಲಿ ಕೈಮುಗಿದು ನಿಂತ ಸೆಕ್ರೆಟರಿ. ಅವರ ಫೋಟೋ ಹುಡುಗಿಯದಕ್ಕಿಂತ ಒಂದು ಗೇಣು ದೊಡ್ಡದು.

"ಏನ್ ಬರ್ದಾರ್ರಿ ಅದರಾಗ?" ಎಂದು ಅಪ್ಪ ನನ್ನನ್ನು ಕೇಳಿದರು. ಓದಿ ಹೇಳಿದೆ. ಅವರ ಎದೆ ಉಬ್ಬಿತು. ಮಗಳು ಅಲ್ಲಿಂದ ಮೆಲ್ಲಗೆ ಜಾರಿದಳು.

ಅಂದಿನಿಂದ ಆ ಮಗುವಿಗೆ ಬೀದಿಯಲ್ಲಿ ನಡೆಯಲಿಕ್ಕಿಲ್ಲ. ಸ್ಟ್ಯಾಂಡಿನ ಆಟೋದವರು "ಡಾಕ್ಟರೇ, ಎಲ್ಲಿಗೆ?" ಎನ್ನುವರು. ಮೀನಿನವಳು ಬುಟ್ಟಿ ಇಳಿಸಿ ತನ್ನ ಸೊಂಟ ನೋವಿನ ಚರಿತ್ರೆ ಹೇಳುವಳು. ಕೆಳಗಿನ ಮನೆಯ ಮುದುಕರೊಬ್ಬರು ಲಿಫ್ಟಿನಲ್ಲಿ ಶರ್ಟಿನ ಗುಂಡಿ ಬಿಚ್ಚಿ ಗ್ಯಾಸ್ ಎಲ್ಲಿ ಹಿಡಿಯುತ್ತದೆಂದು ತೋರಿಸಿದರಂತೆ. ಹುಡುಗಿ ಹಿಂದಿನ ಗೇಟಿನಿಂದ ಓಡಾಡಲು ಶುರು ಮಾಡಿದಳು.

ಅವಳೂ ನನ್ನ ಹತ್ತಿರ ಪಾಠ ಹೇಳಲು ಬಂದಿದ್ದಳು. ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಹೇಳಿದಳು: ಪರ್ಫೆಕ್ಟ್. ಬೆಳಕಿನ ವಕ್ರೀಭವನ: ಪರ್ಫೆಕ್ಟ್. ಬಡ್ಡಿ, ಬೀಜಗಣಿತ, ಫ್ರೆಂಚ್ ಕ್ರಾಂತಿ, ಎಲ್ಲ ಪರ್ಫೆಕ್ಟ್. ಒಂದೇ ಸ್ವರ, ಒಂದೇ ವೇಗ. ಫುಲ್ ಎ ಪ್ಲಸ್ ಮಕ್ಕಳ ಕಷ್ಟವೇ ಇದು, ತಮಗೆ ಬೇಡವಾದದ್ದರಲ್ಲಿ ಕೂಡ ಅವರಿಗೆ ದಡ್ಡರಾಗಲು ಬರುವುದಿಲ್ಲ. ನನ್ನ ಮೆಥಡ್ ಮೊದಲ ಬಾರಿಗೆ ಮಕಾಡೆ ಮಲಗಿತು. ಎದ್ದು ಹೋಗುವಾಗ ಅವಳು ನನ್ನ ಕಿಟಕಿಯಿಂದ ಕೆಳಗೆ ನೋಡಿ, "ಮೆಡಿಕಲ್ ಕಾಲೇಜ್ ಬಸ್ಸು ಇವತ್ತು ಲೇಟು. ರೇಲ್ವೆ ಗೇಟ್ ಬಿದ್ದಿರಬೇಕು," ಎಂದಳು. ಆ ಮಾತಿನಲ್ಲಿ ಮಾತ್ರ ಸ್ವರ ಬೇರೆ ಇತ್ತು. ನಾನು ಗ್ಲಾಸು ತೊಳೆಯಲಿಕ್ಕೆ ಎದ್ದೆ.

ಟ್ರಯಲ್ ಅಲಾಟ್‌ಮೆಂಟ್ ಬಂತು. ಬಯಾಲಜಿ ಸೈನ್ಸ್, ಅಪ್ಪ ಮೊದಲು ಹಾಕಿಸಿದ್ದ ಶಾಲೆಯಲ್ಲೇ. ಮೇಲಿನ ಮನೆಯಲ್ಲಿ ಮತ್ತೆ ಹೋಳಿಗೆ. ಮಗಳು ತನ್ನ ಪಾಲಿನ ಹೋಳಿಗೆಯನ್ನು ನನ್ನ ಮನೆಗೆ ತಂದು, ತಿನ್ನದೆ, ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಾ ಕೂತಳು.

"ಅಮ್ಮೂಮ್ಮ, ಹ್ಯುಮ್ಯಾನಿಟೀಸಿಲ್ ಜಿಯೋಗ್ರಫಿ ಉಂಡಲ್ಲೋ, ಅಲ್ಲೇ?"

"ಉಂಟು," ಎಂದೆ. "ಯಾರಿಗೆ ಬೇಕಿತ್ತು?"

"ಚುಮ್ಮಾ," ಎಂದಳು. ಸುಮ್ಮನೆ ಎಂದು ಅರ್ಥ. ಹದಿನೈದು ವರ್ಷದ ಮಲಯಾಳಿ ಮಕ್ಕಳು ಚುಮ್ಮಾ ಎಂದರೆ ಒಳಗೆ ಒಂದು ಕಾದಂಬರಿಯೇ ಇದೆ ಎಂದು ತಿಳಿಯಬೇಕು. ತುಸು ಕೆದಕಿದೆ. ಅವಳಿಗೆ ಬೇಕಾದದ್ದು ಜಿಯೋಗ್ರಫಿ, ನಕ್ಷೆ, ರಸ್ತೆ, ಊರುಗಳು ಯಾಕೆ ಇದ್ದಲ್ಲಿ ಇವೆ ಅನ್ನುವುದು. ಹ್ಯುಮ್ಯಾನಿಟೀಸ್ ಮೇಲೆ ಬರಬೇಕಾದರೆ ಆಪ್ಶನ್‌ಗಳ ಕ್ರಮ ಬದಲಿಸಬೇಕು. ಅದಕ್ಕೆ ಶನಿವಾರ ಸಂಜೆ ಐದರವರೆಗೆ ಮಾತ್ರ ಅವಕಾಶ. ಆಮೇಲೆ ಎರಡು ವರ್ಷ ಬಯಾಲಜಿಯೇ, ಅದರ ಹಿಂದೆ ಎಂಟ್ರೆನ್ಸ್ ಕೋಚಿಂಗ್ ಬೇರೆ.

ಮೇಲೆ ಹೋಗಿ ಅಪ್ಪನ ಹತ್ತಿರ ಮಾತೆತ್ತಿದೆ.

"ಫುಲ್ ಎ ಪ್ಲಸ್ ಹುಡುಗಿ ಹ್ಯುಮ್ಯಾನಿಟೀಸ್ ತಗೋತಾಳೇನ್ರಿ? ಏನ್ ಮಾತಾಡ್ತೀರಿ ಟೀಚರ್! ಜನಾ ಏನಂತಾರ? ಫ್ಲೆಕ್ಸ್ ಬ್ಯಾರೆ ಹಾಕ್ಯಾರ!"

"ಫ್ಲೆಕ್ಸಿನವಳನ್ನು ಡಾಕ್ಟರ್ ಮಾಡಿ. ಇವಳನ್ನು ಬಿಡಿ," ಎಂದೆ.

ಅಮ್ಮ ಒಳಗಿನಿಂದ, "ಫ್ಲೆಕ್ಸ್ ಹಾಕ್ಸಿದ್ದು ಯಾರು? ಹೋಳಿಗಿ ನುಂಗಿ ಮಾತಾಡ್ರಿ ಅಂದ್ರ ಕೇಳಂಗಿಲ್ಲ," ಎಂದರು.

"ನೀ ಸುಮ್ಮನಿರು," ಎಂದು ಅಪ್ಪ ಒಳಗೆ ಕೂಗಿ, ನನ್ನ ಕಡೆ ತಿರುಗಿ ಒಂದು ಒಪ್ಪಂದಕ್ಕೆ ಬಂದರು. ಶನಿವಾರ ಬೆಳಿಗ್ಗೆ ಕಳಕ್ಕೂಟ್ಟಂನಲ್ಲಿ ಎಂಟ್ರೆನ್ಸ್ ಕೋಚಿಂಗಿನವರ ಒಂದು ಓರಿಯೆಂಟೇಶನ್. ಮಗಳು ಅಲ್ಲಿಗೆ ಬರಬೇಕು, ದೊಡ್ಡ ದೊಡ್ಡ ಡಾಕ್ಟರುಗಳ ಮಾತು ಕೇಳಬೇಕು. ಆಮೇಲೂ ಬೇಡವೆಂದರೆ ನೋಡೋಣ. "ನೀವೂ ಬರ್ರಿ. ನೀವಿದ್ರ ಆಕಿ ಅಳಂಗಿಲ್ಲ."

ಆ ಹುಡುಗಿ ಅಳುವ ಜಾತಿಯವಳಲ್ಲ. ಆದರೂ ಹೊರಟೆ.

ಶನಿವಾರ ಸಣ್ಣ ಮಳೆ. ಸ್ಟಾಪಿನಲ್ಲಿ ಅಪ್ಪ ಮುಂದೆ, ಹಿಂದೆ ಛತ್ರಿ ಹಿಡಿದ ನಾನು, ನನ್ನ ಹಿಂದೆ ಮಗಳು. ಆಟೋ ಬೇಡ, ಬಸ್ಸಿನಲ್ಲೇ ಹೋಗೋಣ, ತನಗೆ ದಾರಿ ಗೊತ್ತಿದೆ ಎಂದು ಅವರೇ ಹೇಳಿದ್ದು. ಒಂದು ಬಸ್ಸು ಬಂತು. ಬೋರ್ಡಿನ ತುಂಬ ಜಿಲೇಬಿ. "ಇದs ರಿ, ಇದs. ಕೊನೀ ಅಕ್ಷರ ದುಂಡಗ ಅದ ನೋಡ್ರಿ. ಹತ್ರಿ, ಹತ್ರಿ," ಎಂದು ನನ್ನನ್ನು ತಳ್ಳಿಯೇಬಿಟ್ಟರು. ಛತ್ರಿ ಮಡಚುವ ಗಡಿಬಿಡಿಯಲ್ಲಿ ನಾನು ಬೋರ್ಡು ನೋಡಲಿಲ್ಲ. ಮಗಳು ನೋಡಿದಳು. ನೋಡಿ, ಕಿಟಕಿಯ ಪಕ್ಕ ಕೂತು, ಕೈಕಟ್ಟಿಕೊಂಡಳು.

ಕಂಡಕ್ಟರ್ ಬಂದ. ಇಲ್ಲಿ ಒಂದು ವಿಷಯ ಹೇಳಬೇಕು. ಕಳಕ್ಕೂಟ್ಟಂ ಎಂಬ ಹೆಸರಿನ ನಡುವೆ ಮಲಯಾಳಿಗಳು ನಾಲಿಗೆಯನ್ನು ಮಡಚಿ ಅಂಗುಳಿಗೆ ತಾಗಿಸಿಯೂ ತಾಗಿಸದೆ ಒಂದು ಸದ್ದು ಹೊರಡಿಸುತ್ತಾರೆ. ನಮ್ಮ ಧಾರವಾಡದ ಆಫೀಸರಿಗೆ ಅದು ಜನ್ಮದಲ್ಲಿ ಬಂದಿರಲಿಲ್ಲ. ಯಾವಾಗಲೋ ಒಮ್ಮೆ ಪ್ರಯತ್ನಿಸಿದಾಗ ಬ್ಯಾಂಕಿನಲ್ಲಿ ಎಲ್ಲರೂ ನಕ್ಕಿದ್ದರಂತೆ. ಓರಿಯೆಂಟೇಶನ್ ಹಾಲು ಲಾಸ್ಟ್ ಸ್ಟಾಪಿನ ಹತ್ತಿರ ಎಂದು ಯಾರೋ ಹೇಳಿದ್ದು ಅವರಿಗೆ ದೇವರೇ ಕೊಟ್ಟ ವರ.

"ಲಾಸ್ಟ್ ಸ್ಟಾಪ್. ತ್ರೀ ಟಿಕೆಟ್ಸ್," ಎಂದರು ಗತ್ತಿನಿಂದ.

ಕಂಡಕ್ಟರ್ ಮೂರು ಟಿಕೆಟು ಕೊಟ್ಟು ಹೋದ. ಅವನಿಗೇನು?

ದಾರಿಯುದ್ದಕ್ಕೂ ಅಪ್ಪ ಮಗಳಿಗೆ ವೈದ್ಯಕೀಯ ವೃತ್ತಿಯ ಹಿರಿಮೆ ಹೇಳಿದರು. ಡಾಕ್ಟರಿಗೆ ಎಲ್ಲಿ ಹೋದರೂ ಮರ್ಯಾದೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿ. ಮಗಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಬಸ್ಸು ದೊಡ್ಡ ರಸ್ತೆ ಬಿಟ್ಟು ಎಡಕ್ಕೆ, ಕಡಲಿನ ಕಡೆಗೆ ತಿರುಗಿತು. ಆ ತಿರುವು ನನಗೆ ಗೊತ್ತು. ತೀರಿಹೋದ ನಮ್ಮವರು ತುಂಬ ಎಂಬ ಕಡಲತೀರದ ಊರಿನಲ್ಲಿ ರಾಕೆಟ್ಟಿನ ಕೆಲಸಕ್ಕೆ ಹೋಗುತ್ತಿದ್ದಾಗ ವರ್ಷವರ್ಷ ಅದೇ ತಿರುವಿನಲ್ಲಿ ತಿರುಗಿದವರು. ರಜೆಯ ದಿನ ನನ್ನನ್ನೂ ಕರೆದುಕೊಂಡು ಹೋಗಿ ಕಡಲು ತೋರಿಸುತ್ತಿದ್ದರು. ನಾನು ಹೇಳಲಿಕ್ಕೆಂದು ಬಾಯಿ ತೆರೆದೆ. ಹುಡುಗಿ ತಿರುಗಿ ನನ್ನನ್ನು ನೋಡಿದಳು. ಬರೀ ನೋಡಿದಳು. ತೆರೆದ ಬಾಯಿಗೆ ನಾನು ಒಂದು ಪೆಪ್ಪರ್‌ಮಿಂಟ್ ಹಾಕಿಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಡಿಸಿಪ್ಲಿನ್ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ.

ಬಸ್ಸು ನಿಂತಿತು. ಎಲ್ಲರೂ ಇಳಿದರು. ಅಪ್ಪನೂ ಇಳಿದು, ಪ್ಯಾಂಟು ಸರಿಮಾಡಿಕೊಂಡು, ತಲೆಯೆತ್ತಿದರು. ಎದುರಿಗೆ ಮರಳು, ಬಲೆ ಹರಡಿಕೊಂಡು ಕೂತ ಬೆಸ್ತರು, ಅವರ ಆಚೆ ಅರಬ್ಬೀ ಸಮುದ್ರ.

"ಇದೇನ್ರಿ, ಸಮುದ್ರ!"

"ಸಮುದ್ರವೇ," ಎಂದೆ. "ಕೋಚಿಂಗ್ ಸೆಂಟರಿನ ಹಾಗೆ ಕಾಣುವುದಿಲ್ಲ."

ಅವರು ಒಮ್ಮೆ ಕಡಲನ್ನು, ಒಮ್ಮೆ ಬಸ್ಸನ್ನು ನೋಡಿದರು. ಬಸ್ಸಿನ ಬೋರ್ಡಿನಲ್ಲಿ ತುಂಬ ಎಂದು ದೊಡ್ಡದಾಗಿ ಬರೆದಿತ್ತು. ಕೊನೆಯ ಅಕ್ಷರ ದುಂಡಗೆ ಇದ್ದದ್ದು ಹೌದು.

"ಗೊತ್ತಿತ್ತೇನು ನಿನಗ?" ಎಂದು ಮಗಳನ್ನು ಕೇಳಿದರು.

"ಅರಿಯಾಮಾಯಿರುನ್ನು." ಗೊತ್ತಿತ್ತು.

"ಎಲ್ಲಿಂದ ಗೊತ್ತಿತ್ತು?"

"ಪಟ್ಟತ್ತುನಿನ್ನೇ." ಪಟ್ಟಂನಿಂದಲೇ.

"ಮತ್ತ ಯಾಕ ಹೇಳಲಿಲ್ಲ?"

ಆಗ ಅವಳು ಕನ್ನಡದಲ್ಲಿ ಮಾತಾಡಿದಳು. ಅವಳ ಬಾಯಿಂದ ಅಪ್ಪನಿಗೆ ನೇರವಾಗಿ ಒಂದು ಕನ್ನಡ ವಾಕ್ಯ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಪ್ಪ ನನ್ನ ಹತ್ರ ಕೇಳ್ಲೇ ಇಲ್ಲ ಅಲ್ಲಾ."

ಅವಳು ಹೇಳಿದ್ದು ಬಸ್ಸಿನ ವಿಷಯವನ್ನೇ. ಅಪ್ಪ ಮಾತ್ರ ಕೈಯಲ್ಲಿದ್ದ ಮೂರು ಟಿಕೆಟುಗಳನ್ನು ಮಡಚಿ ಮಡಚಿ ಕಿಸೆಗೆ ಹಾಕಿಕೊಂಡರು. ನನಗೂ ಯಾಕೋ ನಮ್ಮ ಸಿಸ್ಟರು ಕಾಪಿಬುಕ್ಕು ಮುಚ್ಚಿದ ಸದ್ದು ಕೇಳಿದ ಹಾಗಾಯಿತು.

ಅಲ್ಲೊಂದು ಚಾಯದ ಅಂಗಡಿ ಇತ್ತು. ಬಿಸಿ ಬಿಸಿ ಪಳಂಪೊರಿ, ನೇಂದ್ರ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಕೋಪ ಬಂದ ಗಂಡಸರಿಗೆ ಮೊದಲು ಏನಾದರೂ ಕರಿದದ್ದು ಕೊಡಬೇಕು. ಎರಡನೆಯದು ಮುಗಿಸುವಷ್ಟರಲ್ಲಿ ಅವರ ಸ್ವರ ಇಳಿದಿತ್ತು.

"ಹೋಗ್ಲಿ. ಈಗ ಮನಿಗೆ ಹೋಗೂದು ಹ್ಯಾಂಗ?" ಎಂದು ಕೇಳಿದರು. ಈ ಸಲ ಮಗಳನ್ನೇ.

ಅವಳು ನನ್ನ ಕೈಯಿಂದ ಛತ್ರಿ ಕಿತ್ತುಕೊಂಡಳು. ಒದ್ದೆ ಮರಳಿನಲ್ಲಿ ಛತ್ರಿಯ ಮೊನೆಯಿಂದ ಒಂದು ಉದ್ದ ಗೆರೆ ಎಳೆದಳು. ಇದು ಕಡಲು. ಅದಕ್ಕೆ ಸಮನಾಗಿ ಇನ್ನೊಂದು, ರೈಲು. ಅದರಾಚೆ ದೊಡ್ಡ ರಸ್ತೆ. ಮೂರೂ ಒಂದೇ ಕಡೆಗೆ ಓಡುತ್ತವೆ. ಆದ್ದರಿಂದ ಅಡ್ಡಕ್ಕೆ ಹೋಗುವ ಬಸ್ಸುಗಳು ಕಡಿಮೆ, ಇರುವ ಬಸ್ಸುಗಳು ಗೇಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮೀನಿನ ಬುಟ್ಟಿಯವರು ಬೆಳಿಗ್ಗೆ ಪೇಟೆಗೆ ಹೋಗುತ್ತಾರೆ, ರಾಕೆಟ್ಟಿನ ಆಫೀಸಿನವರು ಅದೇ ಹೊತ್ತಿಗೆ ಪೇಟೆಯಿಂದ ಬರುತ್ತಾರೆ. ಹಾಗಾಗಿ ಒಂದೇ ಬಸ್ಸು ಎರಡೂ ಕಡೆ ತುಂಬಿ ಓಡುತ್ತದೆ, ಮಧ್ಯಾಹ್ನ ಮಾತ್ರ ಖಾಲಿ. ಒಂದು ಅಡ್ಡರಸ್ತೆ ಮಾಡಿದರೆ ಇಷ್ಟು ಸುತ್ತಬೇಕಾಗಿಲ್ಲ, ಎಂದು ಒಂದು ಗೆರೆ ಕೊರೆದಳು. ಮಲಯಾಳ, ಇಂಗ್ಲಿಷ್, ಕನ್ನಡ ಎಲ್ಲ ಕಲಸಿ ಹೇಳುತ್ತಿದ್ದಾಳೆ, ಕೂದಲು ಬಾಯಿಗೆ ಹಾರುತ್ತಿದೆ, ಗಡಿಯಾರದ ನೆನಪೇ ಇಲ್ಲ. ಬಲೆ ಹೆಣೆಯುತ್ತಿದ್ದ ಒಬ್ಬರು ಎದ್ದು ಬಂದು ನೋಡಿ, "ಇದು ನಮ್ಮ ವಾರ್ಡಿನ ಮೆಂಬರಿಗೆ ಹೇಳು ಮೋಳೇ," ಎಂದರು. ನಾನು ಸಮಾನಾಂತರ ರೇಖೆಗಳನ್ನು ನೋಡುತ್ತಾ ನಿಂತಿದ್ದೆ. ಎಷ್ಟು ಚಂದ ಎಳೆದಿದ್ದಳು!

ಅಪ್ಪ ಚಾಯ ಕೈಯಲ್ಲಿ ಹಿಡಿದುಕೊಂಡೇ ನಕ್ಷೆಯ ಸುತ್ತ ಒಂದು ಸುತ್ತು ಬಂದರು, ಎಲ್ಲೂ ತುಳಿಯದ ಹಾಗೆ.

"ಇದನ್ನೆಲ್ಲ ಯಾವ ಸಬ್ಜೆಕ್ಟಿನಾಗ ಕಲಿಸ್ತಾರ?"

"ಜಿಯೋಗ್ರಫಿ."

"ಅದಕ್ಕೂ ಎಂಟ್ರೆನ್ಸ್ ಕೋಚಿಂಗ್ ಅದ ಏನು?"

"ಇಲ್ಲ."

"ಇಲ್ಲಾ?" ಅವರಿಗೆ ಆಘಾತ. ಕೋಚಿಂಗ್ ಇಲ್ಲದ ವಿದ್ಯೆ ವಿದ್ಯೆಯೇ ಎಂಬ ಅನುಮಾನ. ಉಳಿದ ಚಾಯವನ್ನು ಒಂದೇ ಗುಟುಕಿಗೆ ಕುಡಿದು, "ಐದಕ್ಕ ಮುಗೀತದಲ್ಲ ಅದು? ಫೋನಿನಾಗ ಮಾಡಾಕ ಬರ್ತದೇನು?" ಎಂದರು.

ವಾಪಸಿನ ಬಸ್ಸನ್ನು ಮಗಳೇ ಆರಿಸಿದಳು. ಕಿಟಕಿಯ ಪಕ್ಕ ಕೂತು ತನ್ನ ಫೋನಿನಲ್ಲಿ ಪೋರ್ಟಲ್ ತೆರೆದಳು. ಅಪ್ಪನ ಕಿಸೆಯಲ್ಲಿ ಟಿಂಗ್ ಎಂದಿತು.

"ಅಪ್ಪಾ, ಓಟಿಪಿ."

ಅಪ್ಪ ಫೋನು ತೆಗೆದು ನೋಡಿ, ಅದನ್ನು ಎದೆಗೆ ಒತ್ತಿ ಹಿಡಿದರು. ಓಟಿಪಿ ಯಾರಿಗೂ ಹೇಳಬಾರದು ಎಂದು ವರ್ಷಗಟ್ಟಲೆ ಗಿರಾಕಿಗಳಿಗೆ ಉಪದೇಶ ಮಾಡಿದ ಮನುಷ್ಯ. ಫೋನಿನಲ್ಲಿ ಓಟಿಪಿ ಹೇಳಿ ಮೋಸಹೋದ ಒಬ್ಬ ಪ್ರೊಫೆಸರನ್ನು ಅವರು ಬ್ಯಾಂಕಿನಲ್ಲಿ ಎಲ್ಲರೆದುರು ಬೈದದ್ದನ್ನು ನಾನೇ ಕಂಡಿದ್ದೇನೆ.

"ಅದು… ಯಾರಿಗೂ ಹೇಳಂಗಿಲ್ಲ," ಎಂದರು.

"ಮಗಳಿಗೂ ಬೇಡವಾ ಮಾರಾಯ್ರೆ?" ಎಂದೆ.

"ಮನಿ ಮಂದಿಗೂ ಹೇಳಬಾರದು ಅಂತ ಬೋರ್ಡ್ ಹಾಕ್ಸೀನ್ರಿ ನಾನು!"

"ಅಪ್ಪಾ, ಟೈಮ್ ಔಟ್ ಆಗ್ತದೆ!"

ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ, "ಪರಞ್ಞು ಕೊಡುಕ್ಕ್ ಸಾರೇ," ಎಂದಳು. ಹೇಳಿಬಿಡಿ ಸಾರ್. ಅವಳಿಗೆ ವಿಷಯ ಏನೆಂದು ಗೊತ್ತಿಲ್ಲ, ಆದರೆ ಹುಡುಗಿಯ ಮುಖ ನೋಡಿದ್ದಳು. ಅಪ್ಪ ಬಸ್ಸಿನ ತುಂಬ ಒಮ್ಮೆ ಕಣ್ಣಾಡಿಸಿದರು. ಕರ್ಚೀಫು ತೆಗೆದು ತಮ್ಮ ಬಾಯಿಗೂ ಮಗಳ ಕಿವಿಗೂ ಮರೆಮಾಡಿ, ಉಪನಯನದಲ್ಲಿ ಮಂತ್ರ ಉಪದೇಶ ಮಾಡುವ ಹಾಗೆ ಬಗ್ಗಿ, ಒಂದೊಂದೇ ಅಂಕಿಯನ್ನು ಪಿಸುಗುಟ್ಟಿದರು.

ಹ್ಯುಮ್ಯಾನಿಟೀಸ್ ಮೇಲೆ ಹೋಯಿತು. ಬಯಾಲಜಿ ಎಲ್ಲೋ ಕೆಳಗೆ, ಕಾಣದಷ್ಟು ಕೆಳಗೆ. ಮಗಳು ಫೋನು ಮುಚ್ಚಿ ಅಪ್ಪನ ಭುಜಕ್ಕೆ ತಲೆಯಿಟ್ಟಳು. ಅವರು ನೆಟ್ಟಗೆ ಕೂತು, "ಪಾಸ್‌ವರ್ಡ್ ಚೇಂಜ್ ಮಾಡು ಈಗ," ಎಂದರು.

ಉಳಿದದ್ದು ಫ್ಲೆಕ್ಸು. ಅದನ್ನು ಇಳಿಸಿ ಎಂದು ಕೇಳಲು ಅಪ್ಪನೂ ನಾನೂ ಸೆಕ್ರೆಟರಿಯ ಮನೆಗೆ ಹೋದೆವು. ಅವರು ಪೆನ್ನು ತೆಗೆದು ಮತ್ತೆ ಕಿಸೆಗೆ ಸಿಕ್ಕಿಸಿ, ಗಂಭೀರವಾಗಿ ತಲೆಯಾಡಿಸಿದರು.

"ಪಟ್ಟಿಲ್ಲ ಟೀಚರೇ, ಆಗಲಿಕ್ಕಿಲ್ಲ. ಹಾಕಿದ್ದನ್ನು ಮಧ್ಯದಲ್ಲಿ ಇಳಿಸಿದರೆ ರೀವ್ಯಾಲ್ಯುಯೇಶನ್ನಿನಲ್ಲಿ ಮಾರ್ಕು ಹೋಯಿತು ಅಂತ ಜನ ತಿಳಿಯುತ್ತಾರೆ. ಮೋಳು ಈಗ ಯಾವುದು ತೆಗೆದುಕೊಂಡಳು? ಹ್ಯುಮ್ಯಾನಿಟೀಸಾ?" ಅವರ ಮುಖ ಅರಳಿತು. "ಅಂದರೆ ಐಎಎಸ್!"

ನಾವು ಬಾಯಿ ತೆರೆಯುವ ಮೊದಲೇ ಅವರು ಪ್ರೆಸ್ಸಿಗೆ ಫೋನು ಹಚ್ಚಿದ್ದರು. ಮರುದಿನ ಏಣಿ ಬಂತು. ಡಾಕ್ಟರ್ ಎಂಬ ಪದದ ಮೇಲೆ ಒಂದು ತುಂಡು ಅಂಟಿಸಿದರು: ಕಲೆಕ್ಟರ್. ಬಿಳಿ ಕೋಟು ಹಾಗೇ ಉಳಿಯಿತು. ಸ್ಟೆತಸ್ಕೋಪೂ ಉಳಿಯಿತು.

"ಎನಿಕ್ಕ್ ಕಲೆಕ್ಟರ್ ಆವಂಡ!" ಎಂದು ಹುಡುಗಿ ನನ್ನ ಮನೆಯ ಸೋಫಾದ ಮೇಲೆ ಬಿದ್ದು ಕಾಲು ಬಡಿದಳು. ಅವಳಿಗೆ ಕಲೆಕ್ಟರ್ ಆಗುವುದೂ ಬೇಡ.

ಅವಳ ಅಮ್ಮ ಕಿಟಕಿಯಿಂದ ಬಗ್ಗಿ ಫ್ಲೆಕ್ಸನ್ನು ನೋಡಿ, "ಇರಲಿ ಬಿಡs. ಕಲೆಕ್ಟರ್ ಆದ್ರ ಬಿಪಿ ಬರ್ತದಂತ. ತನ್ನ ಬಿಪಿ ತಾನs ನೋಡ್ಕೊಂಡಾಳು," ಎಂದರು.

ಜೂನ್ ಪೂರ್ತಿ ಅದು ಹಾಗೇ ಬಡಿದುಕೊಂಡಿತು. ಮಳೆಗೆ ಅಂಟು ಬಿಟ್ಟು ಗಾಳಿ ಬಂದಾಗ ಡಾಕ್ಟರ್, ಗಾಳಿ ನಿಂತಾಗ ಕಲೆಕ್ಟರ್. ಆಟೋದವರೂ ಗಾಳಿ ನೋಡಿಕೊಂಡು ಕರೆಯುತ್ತಿದ್ದರು. ಹುಡುಗಿ ಮಾತ್ರ ಮುಂದಿನ ಗೇಟಿನಿಂದಲೇ ಶಾಲೆಗೆ ಹೋಗಲು ಶುರು ಮಾಡಿದಳು, ಬೆನ್ನಿಗೆ ಅಟ್ಲಾಸು ಹಿಡಿಯುವಷ್ಟು ದೊಡ್ಡ ಬ್ಯಾಗು ಹಾಕಿಕೊಂಡು.

ಮರುವರ್ಷ ನನ್ನ ಮಗಳು ನನ್ನನ್ನು ಎಡಪ್ಪಳ್ಳಿಗೆ ಕರೆತಂದಳು. ಇಲ್ಲಿ ಯಾರೂ ನನ್ನ ಬೆಲ್ ಒತ್ತಿ ಯಾವ ಕೋರ್ಸು ಎಂದು ಕೇಳುವುದಿಲ್ಲ. ಎಲ್ಲರೂ ಫೋನನ್ನೇ ಕೇಳುತ್ತಾರೆ. ಲಿಂಬೆ ಶರಬತ್ತನ್ನು ಒಬ್ಬಳೇ ಕುಡಿಯುತ್ತೇನೆ.

ಆ ಅಪ್ಪನನ್ನು ನಾನು ಕೊನೆಯ ಬಾರಿ ಕಂಡದ್ದೂ ಇಲ್ಲಿಯೇ. ಅವರಿಗೆ ಹುಬ್ಬಳ್ಳಿ ಕಡೆಗೆ ಟ್ರಾನ್ಸ್‌ಫರ್ ಆಗಿತ್ತು. ಮಗಳ ಪ್ಲಸ್ ಟು ಮುಗಿಯುವವರೆಗೆ ತಾಯಿ ಮಗಳು ಪಟ್ಟಂನಲ್ಲೇ ಇರುವುದು, ಇವರೊಬ್ಬರೇ ಹೋಗುವುದು. ಬ್ಯಾಂಕಿನ ಯಾವುದೋ ಕೆಲಸಕ್ಕೆ ಕೊಚ್ಚಿಗೆ ಬಂದವರು, ಆಲಪ್ಪುಳದಲ್ಲೂ ಒಂದು ಕೆಲಸವಿದೆ ಎಂದು, ಹೋಗುವ ಮೊದಲು ನನಗೆ ಹೇಳಿ ಹೋಗಲು ಬಂದರು. ಕೈಯಲ್ಲಿ ಹೋಳಿಗೆಯ ಡಬ್ಬಿ. ನಾನು ಲಿಫ್ಟಿನಲ್ಲಿ ಇಳಿದು ಸ್ಟಾಪಿನವರೆಗೂ ಜೊತೆಗೆ ಹೋದೆ.

ಒಂದು ಬಸ್ಸು ಬಂತು. ಅವರು ಕಣ್ಣು ಕಿರಿದು ಮಾಡಿ ಬೋರ್ಡು ಓದಿದರು. "ಆ… ಲು… ವ." ನನ್ನ ಕಡೆ ತಿರುಗಿ, "ಕರೆಕ್ಟ್ ಏನ್ರಿ ಟೀಚರ್? ಮಗಳು ಕಲಿಸ್ಯಾಳ."

"ಕರೆಕ್ಟ್," ಎಂದೆ. "ಆದರೆ ಅದು ಆಲುವಕ್ಕೆ ಹೋಗುವುದು. ನಿಮಗೆ ಬೇಕಾದ್ದು ಆಲಪ್ಪುಳ. ರಸ್ತೆಯ ಆಚೆ ಬದಿ."

"ತಡೀರಿ, ಕೇಳೂಣು," ಎಂದು ಪಟ್ಟಂಗೆ ಫೋನು ಹಚ್ಚಿದರು. ಎಡಪ್ಪಳ್ಳಿಯಲ್ಲಿ ನಿಂತು ಎಡಪ್ಪಳ್ಳಿಯ ಬಸ್ಸು ಯಾವುದೆಂದು ತಿರುವನಂತಪುರಕ್ಕೆ ಕೇಳುವುದು! ಅವಳು ಅಲ್ಲಿಂದಲೇ ಯಾವ ಕಂಬದ ಹತ್ತಿರ ನಿಲ್ಲಬೇಕು, ಯಾವ ಬಸ್ಸು ಬೈಪಾಸಿನಲ್ಲಿ ಹೋಗುತ್ತದೆ ಎಲ್ಲ ಹೇಳಿದಳು. ರಸ್ತೆ ದಾಟಿದೆವು. ಬಸ್ಸು ಬಂತು. ಅವರು ನನ್ನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿ, ಹತ್ತಿ, ಕಿಟಕಿಯ ಪಕ್ಕ ಕೂತರು.

ಕಂಡಕ್ಟರ್ ಬಂದು ಕೈಚಾಚಿದ. ಈಗ ಲಾಸ್ಟ್ ಸ್ಟಾಪ್ ಎನ್ನುತ್ತಾರೆ ಎಂದುಕೊಂಡೆ. ಇಲ್ಲ. ಆಲಪ್ಪುಳದ ಕೊನೆಗೂ ಕಳಕ್ಕೂಟ್ಟಂನದೇ ಆ ಸದ್ದು. ಅವರು ನಾಲಿಗೆಯನ್ನು ಮಡಚಿದರು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದಾರೆ. ಕಂಡಕ್ಟರ್ ಪಾಪ, ಟಿಕೆಟ್ ಮೆಶೀನು ಹಿಡಿದುಕೊಂಡು ಕಾಯುತ್ತಿದ್ದಾನೆ. ಡಬಲ್ ಬೆಲ್ ಆಯಿತು, ಬಸ್ಸು ಹೊರಟಿತು. ಹೆಸರು ಸರಿಯಾಗಿ ಹೊರಬಂತೋ ಇಲ್ಲವೋ ನನಗೆ ಕೇಳಲಿಲ್ಲ. ಬಸ್ಸು ಮಾತ್ರ ಸರಿಯಾದ ದಿಕ್ಕಿನಲ್ಲೇ ಹೋಯಿತು. ತಿರುವು ದಾಟುವವರೆಗೆ ನಿಂತು ನೋಡಿದೆ.